ಹರಕೆ ಯಾರದು, ಹೊರೆ ಯಾರದು?

ಹರಕೆ ಇಲ್ಲದ ಮನೆ ನಮ್ಮ ಸೀಮೆಯಲ್ಲಿ ಅಪರೂಪ. ಕೊಟ್ಟೂರಿನ ಗುರುಬಸವೇಶ್ವರನ ತೇರಿಗೆ ದಾವಣಗೆರೆಯ ಕಡೆಯಿಂದ ಹಗಲಿರುಳು ನಡೆದು ಬರುವವರಿದ್ದಾರೆ. ಹಡಗಲಿ ತಾಲ್ಲೂಕಿನ ಮೈಲಾರದ ಕಾರ್ಣಿಕಕ್ಕೆ ಬಂಡಿ ಕಟ್ಟಿಕೊಂಡು ಹೋಗುವವರಿದ್ದಾರೆ. ನಾವು ಕ್ರೈಸ್ತರೇನೂ ಇದಕ್ಕೆ ಹೊರತಲ್ಲ. ಸೆಪ್ಟೆಂಬರ್ 8 ಹತ್ತಿರ ಬಂತೆಂದರೆ ಹರಿಹರದ ಆರೋಗ್ಯಮಾತೆಯ ಸನ್ನಿಧಿಗೆ ಹೊರಡುವ ತವಕ ನಮಗೂ ಇದೆ. ಕಾಯಿಲೆ ವಾಸಿಯಾದರೆ ಮೇಣದಬತ್ತಿ ಹಚ್ಚುತ್ತೇನೆ, ಮಗು ಹುಟ್ಟಿದರೆ ಮುಡಿ ಕೊಡುತ್ತೇನೆ ಎಂದು ಹೇಳಿಕೊಳ್ಳದ ತಾಯಿ ಯಾರು?

ಹರಕೆ ಎಂಬುದು ಕಷ್ಟದಲ್ಲಿರುವ ಮನುಷ್ಯ ದೇವರ ಕೈ ಹಿಡಿಯುವ ಒಂದು ಬಗೆ. ಅದನ್ನು ಹಗುರವಾಗಿ ಕಾಣಬೇಕಾಗಿಲ್ಲ. ನಡೆಯುವ ಕಾಲು ನನ್ನದಾಗಿದ್ದರೆ, ಉಪವಾಸವಿರುವ ಹೊಟ್ಟೆ ನನ್ನದಾಗಿದ್ದರೆ, ಆ ಹರಕೆಯಲ್ಲಿ ಪ್ರೀತಿಯಿದೆ. ಆದರೆ ಹರಕೆ ಹೊರುವವರು ಒಬ್ಬರು, ಅದನ್ನು ತೀರಿಸುವವರು ಇನ್ನೊಬ್ಬರು ಎಂದಾದಾಗ? ಒಬ್ಬರ ಬಾಯಿಯ ಮಾತು ಇನ್ನೊಬ್ಬರ ಬಾಳನ್ನು ಕಟ್ಟಿಹಾಕಬಹುದೇ? ಧರ್ಮಸ್ವಾತಂತ್ರ್ಯದ ಬಗ್ಗೆ ಇಂದು ಎಲ್ಲೆಡೆ ಮಾತು ನಡೆದಿದೆ. ಆ ದೊಡ್ಡ ಮಾತಿನ ಬೇರು ಈ ಚಿಕ್ಕ ಪ್ರಶ್ನೆಯಲ್ಲಿದೆ ಎಂದು ನನಗೆ ತೋರುತ್ತದೆ.

ಮುತ್ತು ಕಟ್ಟಿಸಿಕೊಂಡವರು

ಈ ಪ್ರಶ್ನೆಗೆ ನಾವು ದೂರ ಹೋಗಬೇಕಾಗಿಲ್ಲ. ಕೂಡ್ಲಿಗಿ, ಹರಪನಹಳ್ಳಿ ತಾಲ್ಲೂಕುಗಳ ದಲಿತ ಕೇರಿಗಳಲ್ಲಿ ಇಂದಿಗೂ ವಯಸ್ಸಾದ ಕೆಲವು ತಾಯಂದಿರು ಇದ್ದಾರೆ. ಅವರು ಬಾಲೆಯರಾಗಿದ್ದಾಗ ಮನೆಯಲ್ಲಿ ಯಾರಿಗೋ ಕಾಯಿಲೆಯಾಯಿತು, ಅಥವಾ ಗಂಡುಮಗು ಹುಟ್ಟಲಿಲ್ಲ, ಅಥವಾ ತಲೆಯಲ್ಲಿ ಜಡೆ ಕಟ್ಟಿತು. ಹಿರಿಯರು ಹರಕೆ ಹೊತ್ತರು. ಹುಣ್ಣಿಮೆಯ ದಿನ ಹುಡುಗಿಯ ಕೊರಳಿಗೆ ಕೆಂಪು ಬಿಳಿ ಮಣಿಯ ಮುತ್ತು ಬಿತ್ತು. ಆಕೆಗೆ ಮದುವೆಯಿಲ್ಲ. ಹುಟ್ಟಿದ ಮಕ್ಕಳಿಗೆ ಶಾಲೆಯ ದಾಖಲೆಯಲ್ಲಿ ಬರೆಸಲು ತಂದೆಯ ಹೆಸರಿಲ್ಲ. ದೇವಿಯ ಹೆಸರಿನಲ್ಲಿ ನಡೆದದ್ದರ ಲಾಭ ಮಾತ್ರ ಊರಿನ ಉಳ್ಳವರಿಗೆ.

ಆ ಹುಡುಗಿಯನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಉತ್ತರ ಹೇಳುವ ವಯಸ್ಸು ಅವಳದಾಗಿರಲಿಲ್ಲ.

ಇದು ಬೇರೆಯವರ ಧರ್ಮದ ದೋಷ ಎಂದು ಬೊಟ್ಟು ಮಾಡುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ಅದನ್ನು ಎದುರಿಸಿದವರಲ್ಲಿ ಆ ಧರ್ಮದವರೇ ಮುಂದೆ ಇದ್ದರು. ಮದರಾಸಿನ ವಿಧಾನ ಪರಿಷತ್ತಿನಲ್ಲಿ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. 1947ರಲ್ಲಿ ಮದರಾಸು ಸರ್ಕಾರ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾನೂನು ಮಾಡಿತು. ಆಗ ನಮ್ಮ ಬಳ್ಳಾರಿ ಸೀಮೆ ಮದರಾಸು ಪ್ರಾಂತಕ್ಕೆ ಸೇರಿದ್ದುದರಿಂದ ಆ ಕಾನೂನು ಇಲ್ಲಿಗೂ ಅನ್ವಯಿಸಿತು. ಮೈಸೂರಿಗೆ ನಾವು ಸೇರಿದ್ದು 1953ರ ಅಕ್ಟೋಬರ್ 1ರಂದು. ಅನಂತರ 1982ರಲ್ಲಿ ಕರ್ನಾಟಕವೇ ತನ್ನ ಕಾಯ್ದೆ ಮಾಡಿತು. ಆದರೂ ಸರ್ಕಾರ 1993-94ರಲ್ಲಿ ಮತ್ತು 2007-08ರಲ್ಲಿ ನಡೆಸಿದ ಎರಡು ಸಮೀಕ್ಷೆಗಳಲ್ಲಿ ರಾಜ್ಯದಲ್ಲಿ 46 ಸಾವಿರಕ್ಕೂ ಹೆಚ್ಚು ಮಹಿಳೆಯರು ಗುರುತಿಸಲ್ಪಟ್ಟರು. ಕಾನೂನು ಬರೆದ ಕೂಡಲೇ ಹರಕೆಯ ಭಯ ಮನಸ್ಸಿನಿಂದ ಹೋಗುವುದಿಲ್ಲ. ಮುತ್ತು ಕಟ್ಟಿಸಿಕೊಂಡ ಹೆಂಗಸರೇ ಸಂಘ ಕಟ್ಟಿಕೊಂಡು, ನಮ್ಮ ಮಗಳಿಗೆ ಇದು ಬೇಡ ಎಂದು ನಿಂತಾಗ ಬದಲಾವಣೆ ಬಂತು.

ಸರ್ಕಾರಕ್ಕೆ ದೇವರ ವಿಷಯದಲ್ಲೇನು ಕೆಲಸ?

ಆಗಲೂ ಕೆಲವರು ಕೇಳಿದ್ದರು: ಇದು ನಮ್ಮ ದೇವರು, ನಮ್ಮ ಹರಕೆ, ಸರ್ಕಾರ ಇದರಲ್ಲಿ ತಲೆಹಾಕುವುದೇಕೆ? ಪ್ರಶ್ನೆ ಸುಲಭದ್ದಲ್ಲ. ನಾಳೆ ನಮ್ಮ ಮೆರವಣಿಗೆಗೆ, ನಮ್ಮ ಪ್ರಾರ್ಥನಾಕೂಟಕ್ಕೆ ಅಡ್ಡಿ ಬಂದರೆ ನಾವೂ ಇದನ್ನೇ ಕೇಳುತ್ತೇವೆ.

ನಮ್ಮ ಸಂವಿಧಾನದ 25ನೆಯ ವಿಧಿ ಇದಕ್ಕೆ ಒಂದು ದಾರಿ ತೋರಿಸುತ್ತದೆ. ಪ್ರತಿಯೊಬ್ಬನಿಗೂ ಅಂತಃಸಾಕ್ಷಿಯ ಸ್ವಾತಂತ್ರ್ಯವಿದೆ; ತನ್ನ ಧರ್ಮವನ್ನು ಒಪ್ಪಿ, ಆಚರಿಸಿ, ಪ್ರಚಾರ ಮಾಡುವ ಹಕ್ಕಿದೆ. ಆದರೆ ಸಾರ್ವಜನಿಕ ಶಾಂತಿ, ನೈತಿಕತೆ, ಆರೋಗ್ಯ ಮತ್ತು ಇತರರ ಮೂಲಭೂತ ಹಕ್ಕುಗಳಿಗೆ ಅದು ಒಳಪಟ್ಟಿದೆ. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಹಕ್ಕು ಕೊಟ್ಟಿರುವುದು ಮೊದಲು ವ್ಯಕ್ತಿಗೆ. ಮನೆತನಕ್ಕೂ ಅಲ್ಲ, ಕುಲಕ್ಕೂ ಅಲ್ಲ. ಮುತ್ತು ಕಟ್ಟಿದ ಹಿರಿಯರಿಗೆ ಭಕ್ತಿಯ ಹಕ್ಕಿದ್ದಂತೆ, ಕಟ್ಟಿಸಿಕೊಂಡ ಬಾಲೆಗೂ ತನ್ನ ಬಾಳಿನ ಹಕ್ಕಿದೆ. ದೇವರು ಯಾರೆಂದು ಸರ್ಕಾರ ತೀರ್ಪು ಹೇಳಲಿಲ್ಲ. ಈ ಹುಡುಗಿಯ ಬಾಳಿನ ಹಕ್ಕನ್ನು ಕಾಯಲು ಮಾತ್ರ ನೋಡಿತು. ಜಾತ್ಯತೀತತೆ ಎಂದರೆ ದೇವರಿಲ್ಲದ ರಾಜ್ಯವಲ್ಲ. ಯಾರನ್ನೂ ದೇವರ ಮುಂದೆ ಕತ್ತು ಹಿಡಿದು ನಿಲ್ಲಿಸದ ರಾಜ್ಯ.

ಇದು ನಮ್ಮ ನೆಲಕ್ಕೆ ಹೊಸದೂ ಅಲ್ಲ. ಶಾಸನಗಳಲ್ಲಿ ಕೋಗಳಿ ಐನೂರು ಎಂದು ಹೆಸರಾದ ಈ ಸೀಮೆಯಲ್ಲಿ, ಕೋಗಳಿಯ ಜೈನ ಬಸದಿ, ಬಾಗಳಿಯ ಕಲ್ಲೇಶ್ವರ, ಉಜ್ಜಿನಿಯ ಪೀಠ ಒಂದೇ ಮಣ್ಣಿನಲ್ಲಿ ನಿಂತಿವೆ. 1368ರಲ್ಲಿ ಜೈನರಿಗೂ ವೈಷ್ಣವರಿಗೂ ವ್ಯಾಜ್ಯ ಬಂದಾಗ, ವಿಜಯನಗರದ ಬುಕ್ಕರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ದುರ್ಬಲರಿಗೆ ಬಲಿಷ್ಠರೇ ಕಾವಲಾಗುವಂತೆ ಮಾಡಿದನೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಅಂದು ಅರಸ ಮಾಡಿದ್ದನ್ನು ಇಂದು ಸಂವಿಧಾನ ಮಾಡಬೇಕಾಗಿದೆ.

ನಮ್ಮ ಮನೆಯ ಹರಕೆ

ಈಗ ನಮ್ಮ ಮನೆಯೊಳಗೆ ಬರೋಣ. ಒಂದು ಕ್ರೈಸ್ತ ಕುಟುಂಬವನ್ನು ಕಲ್ಪಿಸಿಕೊಳ್ಳಿ. ಮಗು ಹುಟ್ಟುವಾಗ ತಾಯಿಯ ಜೀವಕ್ಕೆ ಅಪಾಯವಿತ್ತು. ಮಾತೆಯೇ, ಉಳಿಸಿಕೊಡು, ಮಗನನ್ನು ನಿನ್ನ ಸೇವೆಗೆ ಬಿಡುತ್ತೇನೆ ಎಂದು ತಂದೆ ಹರಕೆ ಹೊತ್ತ. ತಾಯಿ ಮಗು ಇಬ್ಬರೂ ಉಳಿದರು. ಹತ್ತನೆಯ ತರಗತಿ ಮುಗಿದ ಮೇಲೆ ಹುಡುಗ ಹೇಳುತ್ತಾನೆ: “ಅಪ್ಪಾ, ನನಗೆ ಗುರುಮಠಕ್ಕೆ ಹೋಗೋ ಮನಸ್ಸಿಲ್ಲ. ಐಟಿಐ ಓದ್ತೀನಿ.” ತಂದೆ ಹೇಳುತ್ತಾನೆ: “ಮಾತೆಗೆ ಮಾತು ಕೊಟ್ಟಿದ್ದೀನಪ್ಪಾ. ಮಾತು ತಪ್ಪಿದರೆ ಮನೆಗೆ ಒಳ್ಳೇದಾಗಲ್ಲ.”

ಹುಡುಗ ಸುಮ್ಮನಾಗುತ್ತಾನೆ. ಆ ಸುಮ್ಮನಿರುವಿಕೆಯನ್ನು ನಾವು ದೈವಕರೆ ಎಂದು ಭ್ರಮಿಸುತ್ತೇವೆ.

ಮುತ್ತು ಕಟ್ಟುವುದೂ ಇದೂ ಒಂದೇ ಅಲ್ಲ. ಗುರುಮಠಕ್ಕೆ ಹೋದ ಹುಡುಗನ ಮಾನಕ್ಕೆ ಕುಂದಿಲ್ಲ, ವಿದ್ಯೆ ಸಿಗುತ್ತದೆ, ಬಾಗಿಲು ತೆರೆದಿರುತ್ತದೆ. ಆದರೆ ಎರಡರ ಹಿಂದೆಯೂ ಇರುವ ಭಯ ಮಾತ್ರ ಒಂದೇ: ಹರಕೆ ತೀರಿಸದಿದ್ದರೆ ದೇವರು ಕಾಡುತ್ತಾನೆ. ಈ ವಿಷಯದಲ್ಲಿ ಧರ್ಮಸಭೆಯ ಕಟ್ಟಳೆ ಏನೆಂದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. 1983ರ ಧರ್ಮಸಭೆಯ ನ್ಯಾಯಸಂಹಿತೆಯ 1193ನೆಯ ವಿಧಿಯ ಪ್ರಕಾರ ಹರಕೆ ಹೊತ್ತವನನ್ನು ಮಾತ್ರ ಅದು ಕಟ್ಟುತ್ತದೆ, ಇನ್ನೊಬ್ಬರನ್ನಲ್ಲ. ಯಾರನ್ನೂ ಬಲವಂತದಿಂದ ಗುರುಪಟ್ಟಕ್ಕೆ ದೂಡಬಾರದೆಂದು 1026ನೆಯ ವಿಧಿ ಹೇಳುತ್ತದೆ. ಆದ್ದರಿಂದ ಆ ತಂದೆ ಹೆದರಬೇಕಾಗಿಲ್ಲ. ಮಗನಿಗಾಗಿ ಪ್ರಾರ್ಥಿಸುವುದು, ದೇವರ ಕರೆ ಇದ್ದರೆ ಅಡ್ಡ ಬಾರದಿರುವುದು, ಇಷ್ಟು ಅವನ ಪಾಲು. ಉತ್ತರ ಹೇಳಬೇಕಾದವನು ಮಗ.

ಪವಿತ್ರ ಗ್ರಂಥದಲ್ಲಿ ಎರಡು ಹರಕೆಗಳ ಕಥೆಯಿದೆ. ನ್ಯಾಯಸ್ಥಾಪಕರ ಗ್ರಂಥದಲ್ಲಿ ಯೆಪ್ತಾಹನು, ಯುದ್ಧ ಗೆದ್ದರೆ ತನ್ನ ಮನೆಯ ಬಾಗಿಲಿನಿಂದ ಮೊದಲು ಬಂದುದನ್ನು ಅರ್ಪಿಸುವೆನೆಂದು ಬಾಯಿಬಿಟ್ಟ. ದಮ್ಮಡಿ ಬಡಿಯುತ್ತಾ ಕುಣಿದು ಬಂದವಳು ಅವನ ಒಬ್ಬಳೇ ಮಗಳು. ಬಟ್ಟೆ ಹರಿದುಕೊಂಡು ಅತ್ತವನು ಅಪ್ಪ. ಜೀವ ತೆತ್ತವಳು ಮಗಳು. ಇನ್ನೊಂದು, ಹನ್ನಳ ಹರಕೆ. ಮಕ್ಕಳಿಲ್ಲದ ಆ ತಾಯಿ ಶಿಲೋವಿನಲ್ಲಿ ಅತ್ತು ಬೇಡಿದಳು. ಮಗು ಸಮುವೇಲನನ್ನು ಹಾಲು ಬಿಡಿಸಿದ ಮೇಲೆ ಯಾಜಕ ಏಲಿಯ ಬಳಿಗೆ ಕರೆತಂದಳು. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ದೇವಾಲಯದಲ್ಲೇ ಬೆಳೆದರೂ ಆ ಹುಡುಗನಿಗೆ ಸರ್ವೇಶ್ವರನ ಪರಿಚಯ ಇನ್ನೂ ಆಗಿರಲಿಲ್ಲ. ಒಂದು ರಾತ್ರಿ ದೇವರೇ ಅವನ ಹೆಸರು ಹಿಡಿದು ಕರೆದರು, ಮತ್ತೆ ಮತ್ತೆ ಕರೆದರು, ಉತ್ತರಕ್ಕಾಗಿ ಕಾದರು. ತಾಯಿಯ ಹರಕೆ ಅವನನ್ನು ದೇವಾಲಯದ ಬಾಗಿಲವರೆಗೆ ತಂದಿತ್ತು. ಒಳಗಿನ ಉತ್ತರವನ್ನು ದೇವರು ತಾಯಿಯಿಂದ ಪಡೆಯಲಿಲ್ಲ, ಮಗನಿಂದಲೇ ಪಡೆದರು.

ಹಾಗಾದರೆ ಶಿಶುವಿಗೆ ಜ್ಞಾನಸ್ನಾನ ಏಕೆ?

ಓದುಗರು ಕೇಳಬಹುದು: ಮಗುವನ್ನು ಕೇಳದೆ ಜ್ಞಾನಸ್ನಾನ ಕೊಡಿಸುತ್ತೇವಲ್ಲ, ಅದೂ ಬಲವಂತವೇ? ನ್ಯಾಯವಾದ ಪ್ರಶ್ನೆ. ಮಗುವಿಗೆ ನಾವು ಭಾಷೆಯನ್ನೂ ಅದನ್ನು ಕೇಳದೆಯೇ ಕೊಡುತ್ತೇವೆ. ಕನ್ನಡ ಕಲಿಸುವುದು ಬೇಡಿ ಹಾಕಿದಂತಲ್ಲ. ಮುಂದೆ ಅದೇ ಭಾಷೆಯಲ್ಲಿ ಮಗ ನಮ್ಮೊಡನೆ ವಾದ ಮಾಡುತ್ತಾನೆ. ವಿಶ್ವಾಸವನ್ನೂ ಹಾಗೆ ಕೊಡಬೇಕು. ಬೆಳೆದ ಮೇಲೆ ದೃಢೀಕರಣದಲ್ಲಿ ಅವನೇ ತನ್ನ ಬಾಯಿಂದ ಒಪ್ಪಿಕೊಳ್ಳಬೇಕೆಂದು ಧರ್ಮಸಭೆ ಬಯಸುವುದೂ ಇದಕ್ಕೇ. ಬಿತ್ತಿದ ಬೀಜಕ್ಕೂ ತೊಡಿಸಿದ ಬೇಡಿಗೂ ವ್ಯತ್ಯಾಸ ತಿಳಿಯುವುದು ಮಗ ‘ಇಲ್ಲ’ ಎಂದ ದಿನ. ಭಾನುವಾರದ ಬಲಿಪೂಜೆಗೆ ಬರಲಾರೆ ಎಂದ ಮಗನಿಗೆ ಅನ್ನ ನೀಡುವ ಕೈ ಬಿಗಿಯಾದರೆ, ನಾವು ಕೊಟ್ಟದ್ದು ಬೇಡಿಯಾಗಿತ್ತು ಎಂದೇ ಅರ್ಥ. ದುಃಖವಾಗಲಿ, ತಪ್ಪಿಲ್ಲ. ಮಗ ಬರುವ ಹಾದಿಯನ್ನು ನೋಡುತ್ತಾ ನಿಂತ ಶುಭಸಂದೇಶದ ಆ ತಂದೆಗೂ ದುಃಖವಿತ್ತು. ಆದರೆ ಮಗ ಹೊರಟಾಗ ಅವನು ಬಾಗಿಲು ಹಾಕಲಿಲ್ಲ.

ಹೊರಗೆ ಕೇಳುವುದು, ಒಳಗೆ ಕೊಡುವುದು

ಕರ್ನಾಟಕದಲ್ಲಿ 2022ರಲ್ಲಿ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಬಂತು. ಮತಾಂತರಗೊಳ್ಳುವವರು 30 ದಿನ ಮೊದಲೇ ಜಿಲ್ಲಾ ದಂಡಾಧಿಕಾರಿಗೆ ತಿಳಿಸಬೇಕು, ಅದಕ್ಕೆ ಆಕ್ಷೇಪಣೆ ಕರೆಯಬೇಕು ಎಂದು ಅದರಲ್ಲಿತ್ತು. ಬಂಧುಗಳು ಮಾತ್ರವಲ್ಲ, ಜೊತೆಯಲ್ಲಿ ಕೆಲಸ ಮಾಡುವವರೂ ದೂರು ಕೊಡಬಹುದಿತ್ತು. ನಮ್ಮ ಧರ್ಮಾಧ್ಯಕ್ಷರುಗಳು ಅದನ್ನು ವಿರೋಧಿಸಿದರು. 2023ರ ಜೂನ್ 15ರಂದು ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು. 1982ರ ಕಾಯ್ದೆಗೂ ಇದಕ್ಕೂ ನಡುವಿನ ವ್ಯತ್ಯಾಸ ನಮಗೆ ಈಗ ಸ್ಪಷ್ಟವಾಗುತ್ತದೆ. ಮೊದಲಿನದು ಮಾತು ಬಾರದವಳ ಪರವಾಗಿ ಮಾತಾಡಿತು. ಎರಡನೆಯದು ಮಾತು ಬಲ್ಲವನ ಅಂತಃಸಾಕ್ಷಿಯನ್ನು ಕಚೇರಿಯ ಫಲಕಕ್ಕೆ ಅಂಟಿಸಿತು.

ಆದರೆ ಕಾಯ್ದೆಯ ಹಿಂದಿದ್ದ ಒಂದು ಸಂಶಯವನ್ನು ನಾವು ತಳ್ಳಿಹಾಕಬಾರದು. ಶಾಲೆಯ ಸೀಟಿಗಾಗಿ, ಆಸ್ಪತ್ರೆಯ ಬಿಲ್ಲಿಗಾಗಿ ತಲೆಬಾಗಿದವನ ವಿಶ್ವಾಸ ಸ್ವತಂತ್ರವೇ? ನಾವು ಮಾಡುವ ಉಪಕಾರಕ್ಕೆ ಗುಟ್ಟಾಗಿ ಬೆಲೆ ಕಟ್ಟುತ್ತಿದ್ದೇವೆಯೇ? 1965ರ ಡಿಸೆಂಬರ್ 7ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಧರ್ಮಸ್ವಾತಂತ್ರ್ಯದ ಘೋಷಣೆ ಹೊರಡಿಸಿತು. ವಿಶ್ವಾಸದ ವಿಷಯದಲ್ಲಿ ಯಾರನ್ನೂ ಬಲವಂತ ಮಾಡಬಾರದು, ಬಡವರ ಮತ್ತು ಅರಿಯದವರ ಮುಂದೆ ಆಮಿಷದ ಸುಳಿವೂ ಇರಬಾರದು ಎಂಬುದು ಅದರ ತಾತ್ಪರ್ಯ. ಈ ಸ್ವಾತಂತ್ರ್ಯದ ಆಧಾರ ಸರ್ಕಾರದ ಔದಾರ್ಯವಲ್ಲ, ಮನುಷ್ಯನ ಘನತೆ ಎಂದೂ ಅದು ಹೇಳಿತು. ಹಾಗಿದ್ದ ಮೇಲೆ ಜಿಲ್ಲಾಧಿಕಾರಿಯಿಂದ ನಾವು ಕೇಳುವ ಸ್ವಾತಂತ್ರ್ಯವನ್ನು ನಮ್ಮ ಮಕ್ಕಳಿಗೆ, ಸೊಸೆಗೆ, ನಮ್ಮಲ್ಲಿ ಸಹಾಯ ಬೇಡಿ ಬಂದ ನೆರೆಯವರಿಗೆ ನಾವೇ ನಿರಾಕರಿಸುವುದು ಹೇಗೆ?

ಈ ವಾರ ಮನೆಯಲ್ಲಿ ಜಪಸರ ಮುಗಿದ ಮೇಲೆ ಸ್ವಲ್ಪ ಹೊತ್ತು ಒಟ್ಟಿಗೆ ಕುಳಿತುಕೊಳ್ಳಿ. ಮಕ್ಕಳ ಹೆಸರಿನಲ್ಲಿ ನಾವು ಹೊತ್ತ ಹರಕೆ ಯಾವುದಾದರೂ ಇದೆಯೇ ಎಂದು ತಂದೆತಾಯಿ ನೆನಪು ಮಾಡಿಕೊಳ್ಳಲಿ. ಇದ್ದರೆ ಮಕ್ಕಳಿಗೆ ಹೇಳಲಿ; ಅದು ನಿನ್ನ ಹೊರೆಯಲ್ಲ, ನಮ್ಮ ಪ್ರಾರ್ಥನೆ ಎಂದು ಹೇಳಲಿ. ಸಾಧ್ಯವಾದರೆ ಆ ಹರಕೆಯನ್ನು ಬೇರೆ ರೀತಿಯಲ್ಲಿ ತಾವೇ ತೀರಿಸಲಿ. ಪಕ್ಕದ ಕೇರಿಯಲ್ಲಿ ಮುತ್ತಿನ ಸರ ತೆಗೆದಿಟ್ಟು ಮೊಮ್ಮಗಳನ್ನು ಶಾಲೆಗೆ ಕಳುಹಿಸುತ್ತಿರುವ ಅಜ್ಜಿ ಇದ್ದರೆ, ಆ ಮಗುವಿನ ಪುಸ್ತಕದ ಖರ್ಚು ಒಳ್ಳೆಯ ಹರಕೆಯಾದೀತು. ಅದಕ್ಕೆ ಪ್ರತಿಯಾಗಿ ಏನನ್ನೂ ಕೇಳದಿರುವುದೂ ಆ ಹರಕೆಯ ಭಾಗವೇ.