ಊರುಗಳ ನಡುವಿನ ದೂರ

(ಫ್ರಾನ್ಸಿನ ಅಲ್ಸೇಸ್ ಸೀಮೆಯ ದ್ರಾಕ್ಷಿ ಊರುಗಳಲ್ಲಿ ಹಗಲೆಲ್ಲ ಸೈಕಲ್ ತುಳಿದ ಗಂಡಹೆಂಡಿರ ಸಂಜೆಯ ಮಾತುಕತೆ.)

ಅವನು: ರಿಬೊವಿಲೆಯಿಂದ ಹುನಾವೀರ್, ರೀಕ್‌ವೀರ್ ಹಾದು ಕೈಸರ್ಸ್‌ಬರ್ಗ್‌ವರೆಗೆ ಕಾರಿನಲ್ಲಾದರೆ ಅರ್ಧ ತಾಸಿನ ದಾರಿ. ಸೈಕಲ್ ತುಳಿದರೇ ನೆಲ ಅರ್ಥವಾಗುವುದು ಎನ್ನುವ ಮಾತನ್ನು ನಾನು ಒಪ್ಪಲಾರೆ. ಏದುಸಿರು ಬಿಟ್ಟ ಮಾತ್ರಕ್ಕೆ ತಿಳಿವಳಿಕೆ ಬರುವುದಿಲ್ಲ. ಪಶ್ಚಿಮದಿಂದ ಬರುವ ಮೋಡಗಳನ್ನು ವೋಜ್ ಬೆಟ್ಟಸಾಲು ತಡೆಯುತ್ತದೆ. ಹಾಗಾಗಿ ಈಚೆಗಿರುವ ಕೊಲ್ಮಾರಿಗೆ ವರ್ಷಕ್ಕೆ ಬೀಳುವುದು 600 ಮಿಲಿಮೀಟರಿನ ಆಸುಪಾಸು ಮಳೆ. ರೈನ್ ಕಣಿವೆ ಕುಸಿದಾಗ ಬೆಟ್ಟದ ಬುಡ ಬಿರುಕುಬಿಟ್ಟು ಒಡೆಯಿತು. ಹಾಗಾಗಿ ಕೈಸರ್ಸ್‌ಬರ್ಗಿನ ಪಕ್ಕದ ಶ್ಲೋಸ್‌ಬರ್ಗ್ ದಿಬ್ಬದಲ್ಲಿ ಗ್ರಾನೈಟ್ ಸವೆದು ಆದ ಮರಳುಮಣ್ಣು, ಕೆಲವೇ ಕಿಲೋಮೀಟರ್ ಆಚೆ ರೀಕ್‌ವೀರಿನ ಶೋನೆನ್‌ಬುರ್ಗಿನಲ್ಲಿ ನೀರು ಹಿಡಿದಿಡುವ ಜೇಡಿಮಣ್ಣು. ಎರಡರಲ್ಲೂ ಬೆಳೆಯುವುದು ಅದೇ ರೀಸ್ಲಿಂಗ್ ದ್ರಾಕ್ಷಿ, ರುಚಿ ಮಾತ್ರ ಬೇರೆ. ಇದನ್ನೆಲ್ಲ ಹೇಳಿದವರು ಮಳೆ ಅಳೆದವರು, ಕಲ್ಲು ಓದಿದವರು. ಇದರಲ್ಲಿ ನಿನ್ನ ಮೊಣಕಾಲು ಕಂಡುಹಿಡಿದದ್ದು ಯಾವುದು?

ಅವಳು: ಯಾವುದೂ ಇಲ್ಲ, ಒಪ್ಪಿದೆ. ನನ್ನ ವಾದ ಅದಕ್ಕಿಂತ ಚಿಕ್ಕದು, ಆದರೆ ಗಟ್ಟಿಯಾದದ್ದು. ಸೈಕಲ್ಲು ಕಲಿಸುವುದು ಮಣ್ಣನ್ನಲ್ಲ, ದೂರವನ್ನು. ಹುನಾವೀರಿಗೂ ರೀಕ್‌ವೀರಿಗೂ ನಡುವೆ ಎರಡು ಕಿಲೋಮೀಟರಿನಷ್ಟೇ ದಾರಿ. ಬೆಟ್ಟದ ಬುಡದುದ್ದಕ್ಕೂ ಊರುಗಳು ಹೀಗೇ ಒತ್ತಾಗಿವೆ. ದ್ರಾಕ್ಷಿ ಬಳ್ಳಿ ಬಿತ್ತಿ ಬಿಡುವ ಬೆಳೆಯಲ್ಲ. ಚಳಿಗಾಲದಲ್ಲಿ ಸವರಬೇಕು, ವಸಂತದಲ್ಲಿ ಕಟ್ಟಬೇಕು, ಬೇಸಗೆಯಲ್ಲಿ ಚಿಗುರು ಚಿವುಟಬೇಕು, ಶರತ್ಕಾಲದಲ್ಲಿ ಗೊಂಚಲು ಕೊಯ್ದು ಇಳಿಸಬೇಕು. ವರ್ಷಪೂರ್ತಿ ನಡೆದು ಹತ್ತಿ, ಕತ್ತಲಾಗುವ ಮೊದಲು ಹೊರೆಯೊಂದಿಗೆ ಇಳಿದು ಬರುವಷ್ಟು ದೂರದೊಳಗೆ ತೋಟವಿರಬೇಕಿತ್ತು. ಆ ದೂರ ಮುಗಿದಲ್ಲಿ ಇನ್ನೊಂದು ಊರು ಬೇಕಾಗುತ್ತಿತ್ತು. 1953ರಲ್ಲಿ ಮಾರ್ಲೆನ್‌ಹೈಮಿನಿಂದ ತಾನ್‌ವರೆಗೆ ಸುಮಾರು 170 ಕಿಲೋಮೀಟರಿನ ವೈನ್ ದಾರಿಯನ್ನು ಗುರುತಿಸಿದಾಗ ಊರುಗಳೆಲ್ಲ ನೋಡಿ ಮುಂದೆ ಹೋಗುವ ತಾಣಗಳಾದವು. ಕಾರಿನಲ್ಲಿ ಕುಳಿತವರಿಗೆ ಎರಡು ಕಿಲೋಮೀಟರಿಗೂ ಇಪ್ಪತ್ತಕ್ಕೂ ವ್ಯತ್ಯಾಸವೇ ತಿಳಿಯುವುದಿಲ್ಲ. ಏರಿನಲ್ಲಿ ತುಳಿಯುವವರಿಗೆ ಮಾತ್ರ ಊರು ಅಲ್ಲೇ ಏಕಿದೆ ಎಂಬ ಪ್ರಶ್ನೆ ಏಳುತ್ತದೆ. ಉತ್ತರ ಪುಸ್ತಕದಲ್ಲಿ ಸಿಕ್ಕೀತು, ಆದರೆ ಪ್ರಶ್ನೆಯೇ ಹುಟ್ಟದವರು ಪುಸ್ತಕ ತೆರೆಯುವುದು ಯಾವಾಗ?

ಅವನು: ಇಲ್ಲೊಂದು ಅಪಾಯವಿದೆ. ಬೆವರು ಸುರಿಸಿದೆವು, ಆದ್ದರಿಂದ ದುಡಿಯುವವರ ಕಷ್ಟ ನಮಗೂ ತಿಳಿಯಿತು ಎಂದುಕೊಳ್ಳುವುದು ಸುಲಭ. ಬೇಡವೆನಿಸಿದಾಗ ಇಳಿದು ನೆರಳಿಗೆ ಹೋಗಬಹುದಾದ ದಣಿವು ದುಡಿಮೆಯಲ್ಲ.

ಅವಳು: ಹಾಗೆ ಎಂದುಕೊಳ್ಳುವುದು ತಪ್ಪಷ್ಟೇ ಅಲ್ಲ, ದುಡಿಯುವವರಿಗೆ ಮಾಡುವ ಅವಮಾನ. ಕೂಲಿಗಾಗಿ ದಿನವಿಡೀ ಬೆನ್ನು ಬಗ್ಗಿಸಿ ಕೊಯ್ಯುವವರ ನೋವನ್ನು ಯಾವ ಸೈಕಲ್ಲೂ ತಿಳಿಸಲಾರದು. ಅದಕ್ಕೇ ನಾನು ಕಷ್ಟದ ಮಾತೆತ್ತದೆ ದೂರಕ್ಕೆ ಅಂಟಿಕೊಂಡಿರುವುದು. ದೂರ ಅಳತೆಯ ಸಂಗತಿ. ಖುಷಿಗಾಗಿ ಹತ್ತಿದರೂ ಹೊಟ್ಟೆಪಾಡಿಗೆ ಹತ್ತಿದರೂ ಏರು ಅಷ್ಟೇ ಇರುತ್ತದೆ.

ಅವನು: ಆದರೂ ರೀಕ್‌ವೀರಿನ ಬೀದಿಯಲ್ಲಿ ನಿಂತಷ್ಟು ಹೊತ್ತು ನಾವು ಬೆನ್‌ವೀರಿನಲ್ಲಿ ನಿಲ್ಲಲಿಲ್ಲ. ಒಂದು ಕಡೆ ಮರದ ಚೌಕಟ್ಟಿನ ಹಳೆಯ ಮನೆಗಳು ಉಳಿದಿವೆ. ಬೆನ್‌ವೀರ್, ಸಿಗೊಲ್ಸ್‌ಹೈಮ್, ಅಮ್ಮರ್ಶ್‌ವೀರ್ ಮಾತ್ರ 1944-45ರ ಚಳಿಗಾಲದ ಕಾಳಗದಲ್ಲಿ ನೆಲಸಮವಾಗಿ, ಯುದ್ಧ ಮುಗಿದ ಮೇಲೆ ಮತ್ತೆ ಎದ್ದವು. ಕಾರಿನವರ ಹಾಗೆ ನಮ್ಮ ಕಣ್ಣೂ ಚೆಂದದ ಕಡೆಗೇ ಓಡಿತಲ್ಲ!

ಅವಳು: ಓಡಿತು. ಆದರೆ ನನ್ನ ವಾದಕ್ಕೆ ಬೆನ್‌ವೀರಿಗಿಂತ ಒಳ್ಳೆಯ ಸಾಕ್ಷಿ ಬೇರೆಯಿಲ್ಲ. ಗೋಡೆಗಳೇ ಊರಾಗಿದ್ದರೆ, ಅವು ಉರುಳಿದ ಮೇಲೆ ಜನ ರಸ್ತೆ ರೈಲುಗಳ ಅನುಕೂಲವಿರುವ ಬಯಲಿಗೆ ಇಳಿಯಬಹುದಿತ್ತು. ಇಳಿಯಲಿಲ್ಲ, ಕಟ್ಟಿದ್ದು ಅಲ್ಲಿಯೇ. ನೆನಪು, ಗೋರಿ, ಹಕ್ಕುಪತ್ರ ಎಲ್ಲವೂ ಅದಕ್ಕೆ ಕಾರಣವಿದ್ದಾವು. ಆದರೆ ತೋಟಗಳು ಇದ್ದಲ್ಲೇ ಇದ್ದವು ಎಂಬ ಕಾರಣ ಅವುಗಳ ಜೊತೆಗಿದೆ. 1871ರಿಂದ 1945ರೊಳಗೆ ಈ ಸೀಮೆಯ ಮೇಲಿನ ಬಾವುಟ ಜರ್ಮನಿ, ಫ್ರಾನ್ಸ್, ಜರ್ಮನಿ, ಫ್ರಾನ್ಸ್ ಎಂದು ನಾಲ್ಕು ಸಲ ಬದಲಾಯಿತು. ಊರಿನಿಂದ ತೋಟಕ್ಕಿರುವ ದೂರ ಬದಲಾಗಲಿಲ್ಲ. ಹೊಸ ಗೋಡೆಯ ಬೆನ್‌ವೀರಿನಿಂದ ಸಿಗೊಲ್ಸ್‌ಹೈಮಿಗೆ ತುಳಿದಾಗಲೂ ಕಾಲಿಗೆ ಸಿಗುವುದು ಆ ಹಳೆಯ ಅಳತೆಯೇ.

ಅವನು: ಅಳತೆ ಹಳೆಯದೆಂದು ನೀನೇ ಹೇಳಿದೆ. ಈಗ ಟ್ರ್ಯಾಕ್ಟರ್ ಇದೆ, ರೈತ ಹತ್ತು ಕಿಲೋಮೀಟರ್ ಆಚೆಯ ತೋಟವನ್ನೂ ನೋಡಿಕೊಳ್ಳಬಲ್ಲ.

ಅವಳು: ತೋಟದವರೆಗೆ ಟ್ರ್ಯಾಕ್ಟರ್ ಒಯ್ಯುತ್ತದೆ, ಬಳ್ಳಿಯಿಂದ ಬಳ್ಳಿಗೆ ಕಾಲೇ ಒಯ್ಯಬೇಕು. ಯಾವ ಚಿಗುರು ಉಳಿಸಬೇಕು, ಯಾವುದನ್ನು ಕತ್ತರಿಸಬೇಕು ಎಂದು ಒಂದೊಂದು ಬಳ್ಳಿಯ ಮುಂದೆ ನಿಂತು ನಿರ್ಧರಿಸುವ ಕೆಲಸ ಇಂದಿಗೂ ಕೈಯದು. ಶ್ಲೋಸ್‌ಬರ್ಗಿನ ಕಲ್ಲುಕಟ್ಟೆಯ ಮೆಟ್ಟಿಲು ತೋಟಗಳಲ್ಲಿ ಕೊಯ್ಲೂ ಕೈಯದೇ. ಹಾಗಾಗಿ ಅಳತೆ ಕುಗ್ಗಿದೆ, ಸತ್ತಿಲ್ಲ.

ಅವನು: ಹಾಗಾದರೆ ಅದು ಅವರ ಅಳತೆ, ಅವರ ದಾರಿ. ಕೊಯ್ಲಿನ ಕಾಲದಲ್ಲಿ ಕೆಲವು ಊರುಗಳು ತೋಟದ ದಾರಿಗಳನ್ನು ಹೊರಗಿನವರಿಗೆ ಮುಚ್ಚುತ್ತವೆ. ಆಗ ನಿನ್ನ ಕಲಿಕೆಯ ಗತಿ?

ಅವಳು: ಮುಚ್ಚುವುದೇ ಸರಿ. ಆ ದಾರಿ ಆಗಿರುವುದು ಗೊಂಚಲು ಇಳಿಸಲಿಕ್ಕೆ. ನಾವು ಹೆದ್ದಾರಿಯ ಅಂಚಿನಲ್ಲಿ ತುಳಿಯೋಣ. ಆಗಲೂ ಊರಿನಿಂದ ಊರಿಗೆ ಎರಡೇ ಕಿಲೋಮೀಟರ್.