ನೆರೆಯವರ ನಗೆ

ನೆರೆಯವನನ್ನು ಹಾಸ್ಯಮಾಡುವ ಚಪಲ ಮನುಷ್ಯನಿಗೆ ಎಂದಿನಿಂದ ಬಂತೋ ಹೇಳುವುದು ಕಷ್ಟ. ದೂರದವನ ಗೊಡವೆ ನಮಗೆ ಬೇಕಿಲ್ಲ. ಪೆರು ದೇಶದವರ ಊಟವನ್ನೋ ಮಾತನ್ನೋ ಕುರಿತು ನಾಗಸಂದ್ರದಲ್ಲಿ ಯಾರೂ ಗೇಲಿ ಕಟ್ಟುವುದಿಲ್ಲ. ಪರಿಹಾಸಕ್ಕೆ ಗುರಿಯಾಗತಕ್ಕವನು ಬಹುಮಟ್ಟಿಗೆ ನಮ್ಮಂತೆಯೇ ಇದ್ದು, ಎಲ್ಲೋ ಎಳ್ಳಷ್ಟು ಬೇರೆಯಾಗಿರಬೇಕು. ಕೆನಡದವರೂ ಅಮೆರಿಕದವರೂ ಒಬ್ಬರನ್ನೊಬ್ಬರು ಕಾಡುವ ಬಗೆ ಲೋಕಪ್ರಸಿದ್ಧವಾದುದು. ಕೆನಡದವನು ಕಂಬಕ್ಕೆ ತಲೆ ತಗುಲಿಸಿಕೊಂಡರೂ ಕಂಬದ ಕ್ಷಮೆ ಕೇಳುತ್ತಾನೆಂದು ಅಮೆರಿಕದವನು ನಗುತ್ತಾನೆ. 1814ರಲ್ಲಿ ನಿಮ್ಮ ಅಧ್ಯಕ್ಷರ ಮನೆಗೆ ಬೆಂಕಿಯಿಟ್ಟವರು ನಾವೇ ಎಂದು ಕೆನಡದವನು ಬೀಗುತ್ತಾನೆ. ಬೆಂಕಿಯಿಟ್ಟದ್ದು ಬ್ರಿಟಿಷರ ಸೇನೆ ಎಂಬ ಸಂಗತಿ ಅವನ ಹೆಮ್ಮೆಗೆ ಅಡ್ಡಬರುವುದಿಲ್ಲ!

ನಮ್ಮಲ್ಲಿಯೂ ಇಂಥದೊಂದು ಜೋಡಿಯುಂಟು: ಮೈಸೂರು ಕಡೆಯವರು, ಧಾರವಾಡದ ಕಡೆಯವರು. 1956ರ ನವೆಂಬರ್ 1ರಂದು ಏಕೀಕರಣವಾಗಿ ಎಲ್ಲರೂ ಒಂದೇ ಸೂರಿನ ಕೆಳಗೆ ಬಂದೆವು. 1973ರಲ್ಲಿ ಮನೆಗೆ ಕರ್ನಾಟಕವೆಂದು ಹೆಸರೂ ಆಯಿತು. ಆದರೆ ಮುದ್ದೆ ಮುದ್ದೆಯಾಗಿಯೇ, ರೊಟ್ಟಿ ರೊಟ್ಟಿಯಾಗಿಯೇ ಉಳಿದವು. ಉಳಿದದ್ದು ಒಳ್ಳೆಯದೇ ಆಯಿತು.

ನಾನು ವಾಸಿಸುವ ನಾಗಸಂದ್ರ ಈ ಕೂಡುಬಾಳಿಗೆ ತಕ್ಕ ನಿದರ್ಶನ. ಪಕ್ಕದಲ್ಲೇ ಪೀಣ್ಯದ ಕೈಗಾರಿಕಾ ಪ್ರದೇಶ. ವಿಜಯಪುರ, ಬಾಗಲಕೋಟೆ, ರಾಯಚೂರು, ಕಲಬುರಗಿಗಳಿಂದ ಬಂದ ಎಷ್ಟೋ ಜನ ಇಲ್ಲಿನ ಲೇತುಗಳ ಮುಂದೆ, ಹೊಲಿಗೆಯಂತ್ರಗಳ ಮುಂದೆ ದುಡಿಯುತ್ತಾರೆ. 2015ರಲ್ಲಿ ನಾಗಸಂದ್ರದವರೆಗೆ ಬಂದ ಮೆಟ್ರೋ ರೈಲು 2024ರಲ್ಲಿ ಮಾದಾವರಕ್ಕೆ ಮುಂದುವರಿಯಿತು. ಸಂಜೆಯ ಹೊತ್ತು ಅದರ ಒಂದು ಬೋಗಿಯಲ್ಲಿ ನಿಂತರೆ ಸಾಕು, ಎಲ್ಲ ಬಗೆಯ ಕನ್ನಡವೂ ಕಿವಿಗೆ ಬೀಳುತ್ತದೆ.

ನಮ್ಮ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವ ಮಿತ್ರರೊಬ್ಬರು ಬಾಗಲಕೋಟೆಯ ಕಡೆಯವರು. ಮಧ್ಯಾಹ್ನ ಬುತ್ತಿ ಬಿಚ್ಚಿದೊಡನೆ ನಮ್ಮ ಯುದ್ಧ ಆರಂಭ. "ನಿಮ್ಮ ಮಂದಿಗೆ ಅಗಿಯಾಕೂ ಬ್ಯಾಸರ ನೋಡ್ರಿ, ಮುದ್ದಿ ನುಂಗಿ ಕೈ ತೊಳಕೋತೀರಿ" ಎಂದು ಅವರು. "ನೀವು ರೊಟ್ಟಿ ಮುರಿದರೆ ಪಕ್ಕದ ಮನೆಯವರು ಯಾರೋ ಬಾಗಿಲು ಬಡಿದರೆಂದು ಎದ್ದುಬರುತ್ತಾರಂತೆ" ಎಂದು ನಾನು. "ಸಾಲಿಗೆ ಸ್ಕೂಲು ಅಂತೀರಿ, ಮ್ಯಾಲ ನಿಮ್ಮದ ಶುದ್ಧ ಕನ್ನಡ!" "ಹಾಗಾದರೆ ನಿಮ್ಮ 'ಮಾಸ್ತರ' ಎಲ್ಲಿಯ ಕನ್ನಡ?" "ನಿಮ್ಮ 'ಮೇಷ್ಟ್ರ' ಅಣ್ಣರಿ ಅಂವಾ!" ಇಬ್ಬರೂ ನಕ್ಕು, ಅವರ ಶೇಂಗಾ ಚಟ್ನಿಯನ್ನು ಹಂಚಿಕೊಂಡು ಉಣ್ಣುತ್ತೇವೆ.

ಇದೇ ವಿನೋದ ಒಂದು ದಿನ ತರಗತಿಯಲ್ಲಿ ಬೇರೆ ರೂಪ ತಾಳಿತು. ಸಿಂದಗಿಯ ಕಡೆಯಿಂದ ಬಂದ ಹುಡುಗಿಯೊಬ್ಬಳು ತನ್ನ ಪ್ರಬಂಧವನ್ನು ಕುರಿತು ಮಾತಾಡುತ್ತ "ಭಾಳ ಮಂದಿ" ಎಂದಳು. ಹಿಂದಿನ ಬೆಂಚಿನಿಂದ ಒಬ್ಬನು ಸಿನಿಮಾದ ಹಾಸ್ಯಗಾರನ ಧಾಟಿಯಲ್ಲಿ ಅದನ್ನೇ ಎಳೆದು ಹೇಳಿದ. ನಲವತ್ತು ಜನ ನಕ್ಕರು. ನಾನು ಪಾಠವನ್ನು ಅಲ್ಲಿಗೇ ನಿಲ್ಲಿಸಿ ಕವಿರಾಜಮಾರ್ಗದ ಮಾತೆತ್ತಿದೆ. ಒಂಬತ್ತನೆಯ ಶತಮಾನದ ಆ ಗ್ರಂಥ ಕನ್ನಡದ ತಿರುಳೆಂದು ಹೇಳುವುದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡಿನ ನುಡಿಯನ್ನು. ಅಂದರೆ ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಮತ್ತು ಬೆಳಗಾವಿ ಜಿಲ್ಲೆಯ ಒಕ್ಕುಂದ. ನಗುವವರು ಯಾರ ಕನ್ನಡವನ್ನು ನೋಡಿ ನಗುತ್ತಿದ್ದಾರೆಂಬುದನ್ನು ಸ್ವಲ್ಪ ಯೋಚಿಸಬೇಕು ಎಂದೆ. ದೇಸಿ ಬೇರೆ ಬೇರೆಯಾದುದರಿಂದ ಕನ್ನಡಗಳ ದೋಷವನ್ನು ಇಷ್ಟೆಂದು ಎಣಿಸಲು ಸಾವಿರ ನಾಲಗೆಯ ವಾಸುಕಿಯೂ ಬೇಸರಪಟ್ಟಾನು ಎಂಬ ಅಭಿಪ್ರಾಯವೂ ಅಲ್ಲೇ ಇದೆ, ಅದನ್ನೂ ಹೇಳಿದೆ. ತರಗತಿ ಶ್ರದ್ಧೆಯಿಂದ ಕೇಳಿತು. ಆದರೆ ಮುಂದಿನ ವಾರ ಆಕೆ ಬಂದು "ಮಾತಾಡೂದು ಬ್ಯಾಡ್ರಿ ಸರ, ಬರದು ಕೊಡ್ತೀನ್ರಿ" ಎಂದಳು. ಹಿಂದಿನ ಬೆಂಚಿನವನನ್ನು ಕರೆದು ಕೇಳಿದಾಗ ಅವನು ವಿನಯದಿಂದಲೇ ಉತ್ತರಿಸಿದ: "ತಮಾಷೆಗೆ ಅಂದೆ ಸಾರ್. ನೀವೂ ಸ್ಟಾಫ್ ರೂಮಿನಲ್ಲಿ ಹೀಗೇ ಮಾತಾಡ್ತೀರಲ್ಲ?"

ಪ್ರಶ್ನೆ ಉಡಾಫೆಯದಲ್ಲ. ಮಾತು ಅದೇ, ಉದ್ದೇಶವೂ ಅದೇ. ಒಂದು ಕಡೆ ಸ್ನೇಹ ಬೆಳೆಯಿತು, ಇನ್ನೊಂದು ಕಡೆ ಒಂದು ಬಾಯಿ ಮುಚ್ಚಿತು. ಭೇದವೆಲ್ಲಿ?

ಶಾಸ್ತ್ರಕಾರರು ಈ ವಿಷಯವನ್ನು ಯೋಚಿಸದೆ ಇಲ್ಲ. ಭರತಮುನಿ ನಾಟ್ಯಶಾಸ್ತ್ರದಲ್ಲಿ ನಗೆಯನ್ನು ಸ್ಮಿತದಿಂದ ಅತಿಹಸಿತದವರೆಗೆ ಆರು ಬಗೆಯಾಗಿ ವಿಂಗಡಿಸಿ, ಮೊದಲೆರಡನ್ನು ಉತ್ತಮರಿಗೂ ಕೊನೆಯೆರಡನ್ನು ಅಧಮರಿಗೂ ಹೇಳಿದ್ದಾನೆ. ಗ್ರೀಕರ ಅರಿಸ್ಟಾಟಲನು ವಿದೂಷಕನಿಗೂ ನಗೆಯರಿಯದ ಒರಟನಿಗೂ ನಡುವೆ ಹದವರಿತು ವಿನೋದಮಾಡುವವನನ್ನು ಇರಿಸಿ, ಅವನ ಗುಣವನ್ನು ಸದ್ಗುಣಗಳಲ್ಲಿ ಎಣಿಸಿದ. ಇಬ್ಬರೂ ನೋಡಿದ್ದು ನಗುವವನನ್ನು. ನಮ್ಮ ಪ್ರಶ್ನೆಗೆ ನಗೆಗೆ ಗುರಿಯಾದವನನ್ನೂ ನೋಡಬೇಕಾಗುತ್ತದೆ. ಹುಡುಗಿಯನ್ನು ಕುರಿತು ನಲವತ್ತು ಜನ ಮೆಲ್ಲಗೆ ಮುಗುಳ್ನಕ್ಕಿದ್ದರೂ ಆಕೆಯ ಬಾಯಿ ಮುಚ್ಚುತ್ತಿತ್ತು.

ಕೆನಡದ ಕಥೆ ಇಲ್ಲಿ ನೆರವಿಗೆ ಬರುತ್ತದೆ. ಅಮೆರಿಕದ ಜನಸಂಖ್ಯೆ ಅವರದಕ್ಕಿಂತ ಸುಮಾರು ಎಂಟು ಪಟ್ಟು. ಕೆನಡದ ಪ್ರಧಾನಿಯಾಗಿದ್ದ ಪಿಯರ್ ಟ್ರೂಡೊ 1969ರಲ್ಲಿ ವಾಷಿಂಗ್ಟನ್ನಿನಲ್ಲಿ ಮಾತಾಡುತ್ತ, ಅಮೆರಿಕದ ನೆರೆಯಲ್ಲಿರುವುದನ್ನು ಆನೆಯ ಪಕ್ಕದಲ್ಲಿ ಮಲಗುವುದಕ್ಕೆ ಹೋಲಿಸಿದ್ದರು. ಆನೆ ಎಷ್ಟೇ ಸಾಧುವಾಗಿರಲಿ, ಅದು ಮಗ್ಗುಲಾದಾಗಲೆಲ್ಲ ಪಕ್ಕದವನಿಗೆ ತಿಳಿಯುತ್ತದೆ. ಅದು ನಗುವಿನ ಮಾತೇ ಆಗಿತ್ತು. 2024ರ ಕೊನೆಯಲ್ಲಿ ಡೊನಾಲ್ಡ್ ಟ್ರಂಪ್ ಕೆನಡವನ್ನು ಐವತ್ತೊಂದನೆಯ ರಾಜ್ಯವೆಂದು ಕರೆಯತೊಡಗಿದಾಗ ಅನೇಕರು ಅದನ್ನೂ ತಮಾಷೆಯೆಂದೇ ಎಣಿಸಿದರು. ಆದರೆ ಅದರ ಜೊತೆಗೆ ಸುಂಕದ ಬೆದರಿಕೆಯೂ ಇತ್ತು. 2025ರ ಫೆಬ್ರವರಿಯಲ್ಲಿ ಕೆನಡದ ಐಸ್ ಹಾಕಿ ಕ್ರೀಡಾಂಗಣಗಳಲ್ಲಿ ಅಮೆರಿಕದ ರಾಷ್ಟ್ರಗೀತೆಗೆ ಪ್ರೇಕ್ಷಕರು ಛೀಮಾರಿ ಹಾಕಿದರು. ಬಹುಕಾಲ ನಕ್ಕು ಸಹಿಸಿದ್ದ ಜನ ಅಂದು ಏಕೆ ಮುನಿದರು? ಆ ಮಾತಿಗೆ ಸಮನಾದ ಮರುಮಾತು ಅವರ ಬಳಿ ಇರಲಿಲ್ಲ. ನೀವೇ ನಮ್ಮ ಹನ್ನೊಂದನೆಯ ಪ್ರಾಂತವಾಗಿರಿ ಎಂದು ಅವರು ಹಾಸ್ಯಕ್ಕೆ ಹೇಳಬಹುದು; ಅದನ್ನು ಕೇಳಿ ಅಮೆರಿಕದಲ್ಲಿ ಯಾರೂ ನಿದ್ದೆಗೆಡುವುದಿಲ್ಲ.

ಭೇದ ಇಲ್ಲಿದೆಯೆಂದು ನನಗೆ ತೋರುತ್ತದೆ. ಮಿತ್ರರೂ ನಾನೂ ಒಂದೇ ಸಂಬಳದವರು. ಅವರು ಒಂದೆಂದರೆ ನಾನೊಂದು, ನಾನೊಂದೆಂದರೆ ಅವರೆರಡು. ಹುಡುಗಿಯಾದರೋ ಒಬ್ಬಳೇ. ಅವಳ ಬೆನ್ನಿಗೆ ಇನ್ನೂ ಕೆಲವು ಭಾರಗಳಿದ್ದವು. ರಾಜಧಾನಿ, ಚಲಚ್ಚಿತ್ರ ಉದ್ಯಮ ಎಲ್ಲವೂ ಇತ್ತಕಡೆಯವು. ಪ್ರಾದೇಶಿಕ ಅಸಮತೆಯನ್ನು ಕುರಿತು ನಂಜುಂಡಪ್ಪ ಸಮಿತಿ 2002ರಲ್ಲಿ ಸಲ್ಲಿಸಿದ ವರದಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ 26 ಉತ್ತರದವು. ಊರಿನಲ್ಲಿ ಕೆಲಸ ಸಾಲದೆ ಇಲ್ಲಿಗೆ ಬಂದವರ ಮನೆಯ ಮಗಳಿಗೆ "ಭಾಳ ಮಂದಿ" ಎಂಬುದರ ಅಣಕ ಬರಿಯ ಉಚ್ಚಾರಣೆಯ ಅಣಕವಾಗಿ ಕೇಳಿಸಲಾರದು.

ಹಾಗೆಂದು ದಕ್ಷಿಣದವರು ಸದಾ ಬಲಿಷ್ಠರು, ಉತ್ತರದವರು ಸದಾ ದುರ್ಬಲರು ಎಂದು ಗೆರೆ ಎಳೆಯಲಾಗದು. ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ ಒಂಟಿಯಾಗಿರುವ ಮಂಡ್ಯದ ಹುಡುಗನಿಗೆ ಅಲ್ಲಿಯ ಹತ್ತು ಜನರ ನಗೆ ಇಷ್ಟೇ ಚುಚ್ಚೀತು. ಆಯಾ ಕೋಣೆಯಲ್ಲಿ ಯಾರ ಕೈ ಮೇಲಿದೆ ಎಂಬುದನ್ನು ಆಯಾ ಕ್ಷಣದಲ್ಲಿಯೇ ಅರಿಯಬೇಕು. ಅದಕ್ಕೆ ನಿಯಮಾವಳಿಯಿಲ್ಲ, ಕಣ್ಣು ಬೇಕು.

ಇಷ್ಟೆಲ್ಲ ಲೆಕ್ಕ ಹಾಕುವುದಕ್ಕಿಂತ ಗೇಲಿಯನ್ನೇ ಬಿಟ್ಟರೆ ಕ್ಷೇಮವಲ್ಲವೆ ಎಂದು ವಾಚಕರು ಕೇಳಬಹುದು. ನಾನು ಒಪ್ಪಲಾರೆ. ನನ್ನ ಮಿತ್ರರು ಒಮ್ಮೆ ಹೇಳಿದರು: ಬೆಂಗಳೂರಿಗೆ ಬಂದ ಮೊದಲ ವರ್ಷ ಇಲ್ಲಿ ಎಲ್ಲರೂ ಅವರೊಡನೆ ಬಹಳ ಮರ್ಯಾದೆಯಿಂದ ನಡೆದುಕೊಂಡರಂತೆ, ಒಬ್ಬರೂ ಚೇಷ್ಟೆ ಮಾಡಲಿಲ್ಲವಂತೆ, ಅಷ್ಟು ಒಂಟಿತನ ಮತ್ತೆಂದೂ ಅವರಿಗೆ ಆಗಲಿಲ್ಲವಂತೆ. ಮರ್ಯಾದೆ ಅತಿಥಿಯನ್ನು ಜಗಲಿಯಲ್ಲಿ ಕೂರಿಸುತ್ತದೆ. ಪರಿಹಾಸ ಅಡುಗೆಮನೆಗೆ ಕರೆಯುತ್ತದೆ. ಗೇಲಿ ನಿಂತ ಸಮಾಜದಲ್ಲಿ ಜಗಳ ನಿಲ್ಲುತ್ತದೆಂಬ ಭರವಸೆಯೇನೂ ಇಲ್ಲ.

ಆದುದರಿಂದ ಉಳಿಯುವ ಧರ್ಮ ಸಣ್ಣದು: ಕೈ ಮೇಲಿರುವವನು ಮೊದಲು ತನ್ನನ್ನೇ ನಗೆಗೆ ಒಡ್ಡಿಕೊಳ್ಳಬೇಕು. ನಮ್ಮ ಮುದ್ದೆಯನ್ನು, ನಮ್ಮ ಸ್ಕೂಲನ್ನು, ನಮ್ಮ ಅರ್ಧ ಇಂಗ್ಲಿಷಿನ ಕನ್ನಡವನ್ನು ನಾವೇ ಮುಂದಿಟ್ಟು, ಎದುರಿನವನು ನಕ್ಕ ಮೇಲೆ ಕಾಯಬೇಕು. ಅವನು ತನ್ನ ರೊಟ್ಟಿಯ ವಿಷಯವನ್ನು ತಾನಾಗಿ ಎತ್ತಿದರೆ ಆಟ ಆರಂಭವಾಯಿತೆಂದು ತಿಳಿಯಬಹುದು. ಎತ್ತದಿದ್ದರೆ ಇನ್ನಷ್ಟು ಕಾಲ ನಮ್ಮ ಮುದ್ದೆಯನ್ನು ಕುರಿತೇ ನಗುತ್ತಿರೋಣ. ಅದರಿಂದ ಮುದ್ದೆಗೇನೂ ನಷ್ಟವಿಲ್ಲ.