ಉದುರುವ ಹೂವು, ಎರಡು ಉತ್ತರ

ಏಪ್ರಿಲ್ ಹೊತ್ತಿಗೆ ಸ್ಟ್ಯಾನ್‌ಮೋರ್‌ನಂಥ ಲಂಡನ್ ಬಡಾವಣೆಗಳಲ್ಲಿ ಚೆರಿ ಮರಗಳು ಅರಳುತ್ತವೆ. ಜಪಾನೀ ತಳಿಗಳನ್ನು ಇಂಗ್ಲೆಂಡಿನಲ್ಲಿ ಹರಡಿದವರಲ್ಲಿ ಕಾಲಿಂಗ್‌ವುಡ್ ಇಂಗ್ರಾಮ್ (1880–1981) ಪ್ರಮುಖರು. ಜಪಾನಿನಲ್ಲೇ ಕಣ್ಮರೆಯಾಗಿದ್ದ ‘ತೈಹಾಕು’ ತಳಿಯನ್ನು ಅಲ್ಲಿಗೆ ಮರಳಿಸಿದವರೂ ಅವರೇ.

ಜಪಾನೀಯರ ಹನಾಮಿ ಎಂದರೆ ಚೆರಿ ಮರದಡಿ ಹಾಸು ಹಾಸಿ, ಬುತ್ತಿ ಹಂಚಿಕೊಂಡು ಹೂ ನೋಡುವುದು. ವಾರದೊಳಗೆ ಉದುರುವ ಈ ಹೂವಿನಲ್ಲಿ ಜಪಾನೀಯರು ಬೌದ್ಧರ ಅನಿತ್ಯತೆಯನ್ನು ಕಂಡರು. ಕನ್ನಡಿಗರಿಗೂ ಈ ವಿಚಾರ ಹಳೆಯದೇ. ಪಂಪನ ‘ಆದಿಪುರಾಣ’ದಲ್ಲಿ (941) ದೊರೆ ಆದಿದೇವನ ಮುಂದೆ ನರ್ತಕಿ ನೀಲಾಂಜನೆ ನರ್ತಿಸುತ್ತಲೇ ಇಲ್ಲವಾಗುತ್ತಾಳೆ. ಇಂದ್ರ ರಸಭಂಗವಾಗದಂತೆ ಅವಳಂಥವಳನ್ನೇ ಸೃಷ್ಟಿಸಿ ನಿಲ್ಲಿಸುತ್ತಾನೆ. ಆ ವ್ಯತ್ಯಾಸ ಕಂಡ ಆದಿದೇವ ರಾಜ್ಯವನ್ನೇ ತೊರೆಯುತ್ತಾನೆ. ಹನಾಮಿಯಲ್ಲಿ ಯಾರೂ ಎದ್ದು ಹೋಗುವುದಿಲ್ಲ. ಹೂ ಉದುರುತ್ತದೆಂದೇ ಇನ್ನಷ್ಟು ಹೊತ್ತು, ಜೊತೆಯವರೊಡನೆ ಕೂರುತ್ತಾರೆ. ಅನಿತ್ಯತೆಯಿಂದ ವೈರಾಗ್ಯವೊಂದೇ ಹುಟ್ಟಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು.

ಆದರೆ ಇದೇ ಭಾವ ದುರುಪಯೋಗಕ್ಕೂ ಒಳಗಾಯಿತು. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಸೇನಾಡಳಿತ ಉದುರುವ ಪಕಳೆಗಳನ್ನು ಸೈನಿಕರ ಸಾವಿಗೆ ಹೋಲಿಸಿತು; ಆತ್ಮಾಹುತಿ ವಿಮಾನಗಳ ಮೇಲೂ ಆ ಹೂವಿನ ಚಿತ್ರವಿತ್ತು. ಸಾಯುವುದನ್ನು ಕರ್ತವ್ಯವಾಗಿಸುವ ಮಾತು ಮರದಡಿ ಕೂತು ಉಣ್ಣುವವರದ್ದಲ್ಲ, ಅದು ಪ್ರಭುತ್ವದ್ದು. ಹನಾಮಿ ದೀಕ್ಷೆಯನ್ನಾಗಲಿ ಮತವನ್ನಾಗಲಿ ಕೇಳುವುದಿಲ್ಲ; ಹೊರನಾಡಿನಿಂದ ಬಂದು ನೆಲೆಸಿದವರೂ ಅದರಲ್ಲಿ ಸಲೀಸಾಗಿ ಸೇರಿಕೊಳ್ಳುತ್ತಾರೆ.